ತೆಂಗಿನ ಬುಡದ ಗದ್ದಲ

ಕಳೆದ ಭಾನುವಾರ (ಇಲ್ಲಿ ಅದು ಕೆಲಸದ ದಿನ) ಮಸ್ಕತ್‌ನ ಅಲ್ ಖುವೈರ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ಎಣ್ಣೆ ಬೆಲೆ ಬಿದ್ದ ಮೇಲೆ ಅಲ್ಲಿ ಕತ್ತರಿ ಆಡಿದ್ದು ನೌಕರಿಗಳ ಮೇಲೆ ಮಾತ್ರ. ಹಾಗಾಗಿ ಈ ಕೇಕಿನ ಕಥೆ ನಿಮಗೆ ಹೇಳಲೇಬೇಕು.

ನಮ್ಮದು ಮರುಭೂಮಿಯಲ್ಲಿ ಎಣ್ಣೆ ಹುಡುಕಲು ಸರ್ವೆ ಮಾಡುವ ಕಂಪನಿ. ಎಣ್ಣೆಗೇ ಬೆಲೆ ಇಲ್ಲದಾಗ ಸರ್ವೆ ಯಾರಿಗೆ ಬೇಕು? ಕೈಯಲ್ಲಿ ಉಳಿದದ್ದು ಒಂದೇ ಕೆಲಸ. ಹಿಂದೂ ಮಹಾಸಾಗರದ ಒಂದು ಪುಟ್ಟ ಜ್ವಾಲಾಮುಖಿ ದ್ವೀಪದಲ್ಲಿ ನೆಲದಾಳದ ಬಿಸಿಯಿಂದ ಕರೆಂಟ್ ತೆಗೆಯಬಹುದೇ ಎಂದು ನೋಡುವುದು. (ಎಣ್ಣೆ ಹುಡುಕುವವರು ಬಿಸಿನೀರು ಹುಡುಕಲು ಹೊರಟೆವು. ಹೊಟ್ಟೆಪಾಡು ಸ್ವಾಮಿ.)

ಭೂಮಿಯೊಳಗೆ ತಾನಾಗಿ ಹರಿಯುವ ಅತಿ ಸಣ್ಣ ವಿದ್ಯುತ್ತನ್ನೂ ಅದರ ಜತೆಗಿನ ಕಾಂತೀಯ ಏರಿಳಿತವನ್ನೂ ಅಳೆಯಬೇಕು. ಅದಕ್ಕೆ ಉದ್ದ ಕೊಳವೆಯಂಥ ಕಾಯಿಲ್‌ಗಳನ್ನು ನೆಲದಲ್ಲಿ ಹೂಳುತ್ತಾರೆ. ಬಿಸಿನೀರು ಎಲ್ಲಿರಬಹುದೆಂದು ಬಾವಿ ಕೊರೆಯದೆಯೇ ಅಂದಾಜು ಸಿಗುತ್ತದೆ. ದ್ವೀಪದಿಂದ ಬಂದ ಡೇಟಾವನ್ನು ಮಸ್ಕತ್‌ನಲ್ಲಿ ಕೂತು ನೋಡುವವನು ನಾನು.

ಡೇಟಾ ಬಂತು. ಬರೀ ಗದ್ದಲ. ನಯವಾಗಿ ಹೋಗಬೇಕಾದ ಗೆರೆ ಕೋಳಿ ಕೆದರಿದ ಅಂಗಳದಂತಿತ್ತು.

ದ್ವೀಪದಲ್ಲಿದ್ದ ನಮ್ಮ ಒಮಾನಿ ಟೀಮ್ ಲೀಡರ್ ಸಾಲೆಮ್ ಯಂತ್ರ ಬದಲಿಸಿದ. ಕೇಬಲ್ ಬದಲಿಸಿದ. ಗದ್ದಲ ಹೋಗಲಿಲ್ಲ. ಕೆಲಸ ಕೊಟ್ಟವರು ಒಂದು ವಾರದ ಗಡುವು ಕೊಟ್ಟರು. ಆಮೇಲೆ ಖಲಾಸ್. ಕಂಪನಿಗೆ ಬೀಗ, ನಮ್ಮೆಲ್ಲರ ವೀಸಾ ಕ್ಯಾನ್ಸಲ್. ವರ್ಷದ ನಡುವೆ ಮಗಳನ್ನು ಊರಿನ ಯಾವ ಸ್ಕೂಲಿಗೆ ಸೇರಿಸುವುದೆಂದು ದಾರ್ಸೈಟ್‌ನ ನಮ್ಮ ಫ್ಲ್ಯಾಟಿನಲ್ಲಿ ನಾನೂ ಹೆಂಡತಿಯೂ ತಲೆಬಿಸಿ ಮಾಡಿಕೊಂಡೆವು.

ಗಡುವಿನ ಮೂರನೇ ದಿನ ಕೊಗ್ಗಣ್ಣ ಬಂದು ನನ್ನ ಪಕ್ಕ ಕೂತರು. ಬಂಟ್ವಾಳದ ಕಡೆಯವರು. ಇಪ್ಪತ್ತೆರಡು ವರ್ಷ ಮರಳಿನಲ್ಲಿ ಸರ್ವೆಯ ಕೇಬಲ್ ಎಳೆದವರು. ದ್ವೀಪಕ್ಕೆ ಡಿಗ್ರಿ ಇದ್ದವರೇ ಸಾಕೆಂದು ಅವರನ್ನು ಕೆಲಸದಿಂದಲೇ ತೆಗೆದಿದ್ದರು. ಕೊನೆಯ ಕಾಗದಕ್ಕೆ ಸಹಿ ಹಾಕಲು ಬಂದವರು ಮ್ಯಾನೇಜರ್ ಮೀಟಿಂಗ್ ಮುಗಿಯಲೆಂದು ಕಾಯುತ್ತಿದ್ದರು.

ನನ್ನ ಸ್ಕ್ರೀನಿನಲ್ಲಿ ಸೈಟ್ ಫೋಟೋ ಇತ್ತು. ಬಗ್ಗಿ ನೋಡಿದರು. ಕಾಯಿಲ್ ಹೂತದ್ದು ಎಲ್ಲಿ ಎಂದು ಕೇಳಿದರು. ತೋರಿಸಿದೆ. ಗಲಾಟೆ ಯಾವಾಗ ಜಾಸ್ತಿ ಎಂದರು. ಬೆಳಿಗ್ಗೆ ಹತ್ತರ ನಂತರ ಎಂದೆ.

“ಅದು ಕಡಲ ಗಾಳಿ ಏಳುವ ಹೊತ್ತಲ್ವಾ ಸರ್? ಇವರು ತೆಂಗಿನ ಬುಡದಲ್ಲೇ ಹೂತಿದ್ದಾರೆ. ಗಾಳಿಗೆ ಮೇಲೆ ಗರಿ ಮಾತ್ರ ಆಡುವುದಲ್ಲ ಮಾರಾಯ್ರೆ, ಅಡಿಯಲ್ಲಿ ಬೇರೂ ಮಣ್ಣೂ ಆಡ್ತದೆ. ಬರಿಗಾಲಲ್ಲಿ ನಿಂತರೆ ಗೊತ್ತಾಗ್ತದೆ.”

ನಾನು ದಂಗಾದೆ. ಕಾಯಿಲ್ ಕೂದಲೆಳೆಯಷ್ಟು ಅಲುಗಿದರೂ ಸುಳ್ಳು ಸಂಕೇತ ಬರುತ್ತದೆಂಬುದು ನಮ್ಮ ಪಾಠದ ಮೊದಲ ಪುಟ. ಆದರೆ ಮರವೇ ಇಲ್ಲದ ಕಡೆ ಕೆಲಸ ಕಲಿತ ನಮಗೆ ಮರದ ಮೇಲೆ ಅನುಮಾನ ಬರುವುದಾದರೂ ಹೇಗೆ? ಒಮಾನಿನ ಬಿಸಿಲು ತಿಂದ ನಮ್ಮವರು ನೆರಳು ಕಂಡಲ್ಲೆಲ್ಲ ಗುಂಡಿ ತೋಡಿದ್ದರು.

ಸಾಲೆಮ್‌ಗೆ ಫೋನ್ ಮಾಡಿದೆ. ಮೊದಲು ನಕ್ಕ. ಆಮೇಲೆ, ಯಲ್ಲಾ, ನಡೀರಿ, ಅದನ್ನೂ ನೋಡಿಬಿಡೋಣ ಎಂದ. ಕೊಗ್ಗಣ್ಣ ಫೋನ್ ತೆಗೆದುಕೊಂಡು, ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ, ಮರಗಳಿಂದ ಎಷ್ಟು ಹೆಜ್ಜೆ ದೂರ ಹೋಗಬೇಕು, ಗುಂಡಿ ಎಷ್ಟು ಆಳ ಇರಬೇಕು, ಮಣ್ಣು ಹೇಗೆ ತುಳಿಯಬೇಕು, ಕೇಬಲ್ ಅಲುಗದಂತೆ ಎಲ್ಲೆಲ್ಲಿ ಕಲ್ಲು ಹೇರಬೇಕು ಎಂದೆಲ್ಲ ಹೇಳಿದರು.

ಅಷ್ಟರಲ್ಲಿ ಮ್ಯಾನೇಜರ್ ಕರೆದರು. ಕೊಗ್ಗಣ್ಣನಿಗಿಂತ ಮೊದಲು ಒಳಗೆ ನುಗ್ಗಿದವನು ನಾನು. (ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.) ಸಹಿ ಒಂದು ದಿನ ತಡೆಯಲಿ ಎಂದೆ. ಮ್ಯಾನೇಜರ್ ನನ್ನ ಮುಖವನ್ನೇ ನೋಡಿ, ಒಂದೇ ದಿನ ಎಂದರು.

ಮರುದಿನ ಮಧ್ಯಾಹ್ನ ಫೈಲ್ ತೆರೆದೆ. ಗೆರೆ ನಯವಾಗಿ ಇಳಿದು, ನಯವಾಗಿ ಏರಿತ್ತು. ಎಲ್ಲಿಯೂ ಗದ್ದಲವಿಲ್ಲ. ನಾನು ಎದ್ದು ನಿಂತು ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ.

ಗಡುವು ಮುಗಿಯುವುದರೊಳಗೆ ಕೆಲವು ಸೈಟುಗಳ ಅಳತೆ ಹೊಸದಾಗಿ ಬಂತು. ಅದನ್ನು ನೋಡಿ ಕೆಲಸ ಕೊಟ್ಟವರು ಗಡುವಿನ ಮಾತು ಬಿಟ್ಟರು. ಪೂರ್ತಿ ನಕ್ಷೆ ಸಿದ್ಧವಾದಾಗ ಬಿಸಿನೀರಿನ ಗುರುತು ಬೆಟ್ಟದ ಪೂರ್ವ ಮಗ್ಗುಲಲ್ಲಿ ಸ್ಪಷ್ಟವಾಗಿತ್ತು. ಪಕ್ಕದ ಬೆಟ್ಟದ ಸರ್ವೆಯನ್ನೂ ನಮಗೇ ಕೊಟ್ಟರು.

ಭಾನುವಾರ ಮ್ಯಾನೇಜರ್, ಅಲ್ಲಿಯವರೆಗೂ ಸಹಿಯಿಲ್ಲದೆ ತಡೆದಿಟ್ಟಿದ್ದ ಕೊಗ್ಗಣ್ಣನ ಕಾಗದವನ್ನು ಎಲ್ಲರೆದುರು ಹರಿದರು. ಈ ವರ್ಷ ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ಕೇಕ್ ಕತ್ತರಿಸಿದ್ದು ಕೊಗ್ಗಣ್ಣ. ದ್ವೀಪಕ್ಕೆ ಹೋಗುತ್ತಿರುವವರೂ ಅವರೇ, ಫೀಲ್ಡ್ ಸೂಪರ್‌ವೈಸರ್ ಆಗಿ.

ಕೆಲಸ ಬಿಡಿಸಿ ಮನೆಗೆ ಕಳಿಸಬೇಕಾದವರ ಪಟ್ಟಿ ನಿಮ್ಮ ಮೇಜಿಗೂ ಬಂದಿದ್ದರೆ ಹೇಳಿ, ಅದರಲ್ಲಿರುವ ಎಷ್ಟು ಜನರನ್ನು ನೀವು ಒಮ್ಮೆಯಾದರೂ ಮಾತನಾಡಿಸಿದ್ದೀರಿ?