ಚೆಸ್ ಪ್ರೋಗ್ರಾಮೂ ನಮ್ಮ ಚಿಕ್ಕಪ್ಪಂದಿರೂ

ಹೊಸ ಲ್ಯಾಪ್‌ಟಾಪಿನ ಡಬ್ಬ ಬಿಚ್ಚಿದಾಗ ಬರುವ ಪ್ಲಾಸ್ಟಿಕ್ ವಾಸನೆ ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲೇ ಬೆಳೆದ ಅಕ್ಕನ ಮಗಳು ಕಾವ್ಯಳಿಗೆ ಒಂದು ಕೊಡಿಸಲು ಮೊನ್ನೆ ದಾವಣಗೆರೆಯ ಪಿ.ಜೆ. ಬಡಾವಣೆಯ ಅಂಗಡಿಗೆ ಹೋಗಿದ್ದೆ. "ಎಂಟು ಕೋರ್ ಐತ್ರಿ ಮೇಡಂ. ಎಂಟು ಆಳು ದುಡಿದಂಗೆ," ಎಂದ ಅಂಗಡಿಯವನು. ಪಾಪ, ಅವನು ನಮ್ಮ ಮನೆಯ ಗಂಡಸರನ್ನು ಕಂಡವನಲ್ಲ.

ಕೊಕ್ಕನೂರಿನ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಲು ಸಂಕೋಚವೇನಿಲ್ಲ, ಹರಿಹರದಲ್ಲಿ ಬಸ್ಸು ಬದಲಿಸಿ, ದಾವಣಗೆರೆಯವರೆಗೆ ನಿಂತೇ ಬಂದು ಓದಿದವಳಿಗೆ ಅಷ್ಟು ಜಂಬ ಸಲ್ಲುತ್ತದೆ. ಕೊನೆಯ ವರ್ಷ ಪ್ರಾಜೆಕ್ಟಿಗೆಂದು ಚೆಸ್ ಆಡುವ ಪ್ರೋಗ್ರಾಮ್ ಬರೆಯಲು ಕೂತೆ. ಅದೇ ಹೊತ್ತಿಗೆ ಅಪ್ಪ ಮತ್ತು ಮೂವರು ಚಿಕ್ಕಪ್ಪಂದಿರು ನನಗೆ ಗಂಡು ಹುಡುಕಲು ಹೊರಟರು. ಗಂಡು ಗೊತ್ತಾದರೆ ಓದು ಅಲ್ಲಿಗೆ ಮುಗಿಯಿತು ಎಂಬುದು ಮನೆಯ ತೀರ್ಮಾನ.

ಕಾಲೇಜಿಗೆ ಆಗ ತಾನೇ ನಾಲ್ಕು ಕೋರ್‌ಗಳ ಕಂಪ್ಯೂಟರ್ ಬಂದಿತ್ತು. ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದು ತಲೆ ಎಂದುಕೊಳ್ಳಿ. ನಾಲ್ಕು ತಲೆಗಳಿಗೆ ನಡೆಗಳನ್ನು ಹಂಚಿಕೊಟ್ಟರೆ ನಾಲ್ಕು ಪಟ್ಟು ವೇಗ ಎಂದು ನಾನು ಜಾಣತನ ಮಾಡಿದೆ. ಯಂತ್ರ ಬಿಸಿಯಾಯಿತು, ವೇಗ ಮಾತ್ರ ಹಳೆಯದೇ. ಒಂಟಿ ಕೋರ್ ಒಂದು ಒಳ್ಳೆಯ ನಡೆ ಕಂಡಮೇಲೆ ಅದಕ್ಕಿಂತ ಕಳಪೆಯದನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ; ಚೆಸ್ ಪ್ರೋಗ್ರಾಮಿನ ವೇಗವೆಲ್ಲ ಹೀಗೆ ಬಿಡುವುದರಲ್ಲೇ ಇದೆ. ನಾಲ್ಕು ಕೋರ್‌ಗಳು ಒಂದಕ್ಕೊಂದು ಸುದ್ದಿ ಮುಟ್ಟಿಸದೆ ಕೂತರೆ, ಒಂದಕ್ಕೆ ಬಂಗಾರದಂಥ ನಡೆ ಸಿಕ್ಕಿದ್ದರೂ ಉಳಿದ ಮೂರು ಕಸವನ್ನೇ ಕೆದಕುತ್ತಿರುತ್ತವೆ.

ಮನೆಯಲ್ಲೂ ಅದೇ. ಒಬ್ಬೊಬ್ಬರು ಒಂದೊಂದು ಊರಿಗೆ ಹೋಗಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಬೇರೆ ಬೇರೆ ಮನೆಗಳಿಗೆ ಮಾತು ಕೊಟ್ಟು ಬಂದರು.

"ಯಾರನ್ನ ಕೇಳಿ ಹೂಂ ಅಂದ್ಯೋ?" ಅಪ್ಪ ಕೇಳಿದರು.

"ನೀ ಯಾರನ್ನ ಕೇಳಿದ್ದೆ ಅಣ್ಣ?" ಎಂದ ಸಣ್ಣ ಚಿಕ್ಕಪ್ಪ.

ಜಗಳ ತಿಂಗಳುಗಟ್ಟಲೆ ನಡೆಯಿತು, ಕೊಟ್ಟ ಮಾತೆಲ್ಲ ಮುರಿಯಿತು. ಅಷ್ಟರಲ್ಲಿ ನಾನು ಕೋರ್‌ಗಳೆಲ್ಲ ಓದಿ ಬರೆಯುವಂಥ ಒಂದೇ ಜಾಗ ಮಾಡಿ, ಸಿಕ್ಕಿದ್ದನ್ನು ಅಲ್ಲಿ ಗುರುತು ಹಾಕಿಸಿ, ಪ್ರೋಗ್ರಾಮನ್ನು ಓಡಿಸಿದೆ. ಪದವಿ ಕೈಗೆ ಬಂತು. ಆ ಉಪಾಯವನ್ನು ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ.

ಅವರಿಗೇ ಹೊಳೆದುಬಿಡುತ್ತದೆ ಎಂದು ಯಾರು ಕಂಡಿದ್ದರು? ಲ್ಯಾಪ್‌ಟಾಪ್ ಹಿಡಿದು ಅಂಗಡಿಯ ಮೆಟ್ಟಿಲಿಳಿಯುವಾಗ ಸಣ್ಣ ಚಿಕ್ಕಪ್ಪನ ಫೋನು.

"ಕಾವ್ಯಂಗೆ ಗಂಡು ಹುಡುಕಾಕ್ ಹತ್ತೀವಿ. ಈ ಸಲ ತಪ್ಪಂಗಿಲ್ಲ, ಎಲ್ರೂ ಸೇರಿ ಫೋನ್‌ನಾಗೆ ಗ್ರೂಪ್ ಮಾಡೀವಿ."

"ಅವಳ ಪರೀಕ್ಷೆ?"

"ಗಂಡು ಸಿಕ್ಕಮ್ಯಾಲೆ ಪರೀಕ್ಷೆ ಯಾಕವ್ವ?"

ಹಂಚಿಕೊಳ್ಳುವ ಜಾಗಕ್ಕೂ ಒಂದು ಕಾಯಿಲೆ ಇದೆ. ಎಲ್ಲ ಕೋರ್‌ಗಳೂ ಒಂದೇ ಜಾಗದಲ್ಲಿ ಬರೆಯಲು ಮುಗಿಬಿದ್ದರೆ, ಒಂದರ ಸರದಿಗೆ ಇನ್ನೊಂದು ಕಾಯುತ್ತ ಕೂರುತ್ತದೆ. ಆಟ ಮುಂದೆ ಸಾಗುವುದಿಲ್ಲ.

"ನನ್ನೂ ಸೇರಿಸು ಚಿಕ್ಕಪ್ಪ," ಎಂದೆ.

ಈಗ ದಿನಾ ಬೆಳಿಗ್ಗೆ ಗ್ರೂಪಿಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತೇನೆ. ಮಧ್ಯಾಹ್ನ ಸಕ್ಕರೆ ಕಾಯಿಲೆಗೆ ಮನೆಮದ್ದು. ಸಂಜೆ, ಹಿತ್ತಲ ಹೊಲದ ಬದು ನಿಜವಾಗಿ ಯಾರ ಪಾಲಿನದು ಎಂಬ ಮುಗ್ಧ ಪ್ರಶ್ನೆ. ಎಲ್ಲದಕ್ಕೂ ಎಲ್ಲರೂ ಉತ್ತರ ಬರೆಯುತ್ತಾರೆ. ಗಂಡಿನ ಫೋಟೋ ಎಲ್ಲೋ ಮೇಲೆ ಹೋಗಿ ಸೇರಿಕೊಳ್ಳುತ್ತದೆ.

ಕಾವ್ಯ ಓದುತ್ತಿದ್ದಾಳೆ.