ಅಕ್ಕಾವ್ರು ಕತ್ತರಿಸಿದ ಕೊಂಬೆ

ಅಕ್ಕಾವ್ರ ಬಲಗೈ ಹೆಬ್ಬೆರಳಿನ ಬುಡ ಜಡ್ಡುಗಟ್ಟಿತ್ತು. ವರ್ಷಗಟ್ಟಲೆ ಕತ್ತರಿ ಹಿಡಿದ ಗುರುತು ಅದು. ಮದುವೆಯಾಗಿ ಮೈಸೂರಿನಿಂದ ಲಂಡನ್ನಿನ ಪಿನ್ನರ್‌ಗೆ ಬಂದ ಹೊಸತರಲ್ಲಿ ನಾನು ಮೊದಲು ನೋಡಿದ್ದು ಆ ಕೈಯನ್ನೇ. ಗುಲಾಬಿಯೊಂದರ ಅರ್ಧ ಎಲೆಗಳನ್ನು ಅದು ದಾಕ್ಷಿಣ್ಯವಿಲ್ಲದೆ ಕಿತ್ತು ಹಾಕುತ್ತಿತ್ತು.

ಅವರು ಧಾರವಾಡದವರು, ಆಸ್ಪತ್ರೆಯ ಡಾಕ್ಟರೊಬ್ಬರ ಹೆಂಡತಿ. ಪಕ್ಕದ ಮನೆಯ ಜಪಾನೀ ಹೆಂಗಸಿನಿಂದ ಹೂ ಜೋಡಿಸುವ ಇಕೆಬಾನ ಕಲಿತು, ತೊಂಬತ್ತರ ದಶಕದಲ್ಲಿ ಪ್ರತಿ ಶನಿವಾರ ಮನೆಯಲ್ಲೇ ಅಲ್ಲಿನ ಕನ್ನಡದ ಹೆಂಗಸರಾದ ನಮಗೆ ಕಲಿಸುತ್ತಿದ್ದರು. ಅವರ ಊರಿನ ಕಡೆ ಟೀಚರನ್ನು ಕರೆಯುವ ಹಾಗೆ ನಾವೂ ಅಕ್ಕಾವ್ರೇ ಎನ್ನುತ್ತಿದ್ದೆವು. ಮೊಳಗಟ್ಟಲೆ ಮಲ್ಲಿಗೆ ಮುಡಿದು ಬೆಳೆದ ನಮಗೆ ಮೂರು ಕಡ್ಡಿ, ಎರಡು ಹೂವು ಯಾವ ಮೂಲೆಗೆ? ನಾನು ಬಟ್ಟಲು ತುಂಬಿಸಿಬಿಡುತ್ತಿದ್ದೆ.

"ತಂಗಿ, ಇದೇನು ಮದುವಿ ಮಂಟಪೇನು? ಹೂವಿಗೆ ಉಸರಾಡ್ಲಿಕ್ಕೆ ಜಾಗಾ ಬಿಡವಾ," ಎನ್ನುತ್ತಿದ್ದರು.

ಹಿತ್ತಿಲು ಮಾತ್ರ ಅವರ ಗಂಡ ಡಾಕ್ಟರ್ ಸಾಹೇಬರದು. ಅಲ್ಲಿ ಅಗಲವಾದ ತಟ್ಟೆಯಂಥ ಕುಂಡದಲ್ಲಿ ಮೊಣಕಾಲೆತ್ತರದ ಮೇಪಲ್ ಬೋನ್ಸಾಯ್ ಇತ್ತು. ವರ್ಷಾನುವರ್ಷ ಬೇರು ಸವರಿ, ಕೊಂಬೆಗೆ ತಂತಿ ಸುತ್ತಿ ಬೆಳೆಸಿದ್ದರು. "ನಿಂದು ವಾರಕ್ಕ ಬಾಡ್ತದ, ನಂದು ನಮ್ಮಿಬ್ಬರಕಿಂತ ಹೆಚ್ಚು ಬಾಳ್ತದ," ಎಂದು ಹೆಂಡತಿಯನ್ನು ಕೆಣಕುತ್ತಿದ್ದರು. ಅಕ್ಕಾವ್ರು ಆ ಗಿಡಕ್ಕೆ ಎಂದೂ ಕತ್ತರಿ ತಾಕಿಸಿದವರಲ್ಲ.

ಒಂದು ಬೇಸಿಗೆಯಲ್ಲಿ ಸಾಹೇಬರು ಹಠಾತ್ತನೆ ಹೋಗಿಬಿಟ್ಟರು. ಅವರು ಕೈಯಾರೆ ತಿದ್ದಿದ ಆ ಗಿಡವನ್ನಾದರೂ ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅಕ್ಕಾವ್ರಿಗೆ ಉಳಿದ ಹಠ. ಜನವರಿಯಲ್ಲಿ ಹಿಮ ಬಿದ್ದಾಗ, ಪಾಪ, ಬೋಳು ಗಿಡಕ್ಕೆ ಚಳಿಯಾಗುತ್ತದೆಂದು ಒಳಗೆ ತಂದು ಹೀಟರ್ ಪಕ್ಕ ಇಟ್ಟರು. ನಮ್ಮ ಕಡೆಯವರು ಯಾರೇ ಆಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಕೆಲವೇ ವಾರಗಳಲ್ಲಿ ಕೆಂಪು ಚಿಗುರು ಬಂತು. "ಲಗೂನ ಬಾ ತಂಗಿ, ಸಾಹೇಬರ ಗಿಡಾ ಚಿಗತೇದ," ಎಂದು ನನಗೆ ಫೋನ್ ಮಾಡಿದರು. ನಾನು ಹೋದಾಗ ಚಹಾ ಆರುವುದನ್ನೂ ಮರೆತು ಅದರ ಮುಂದೆ ಕುಳಿತಿದ್ದರು.

ಮಾರ್ಚ್ ಹೊತ್ತಿಗೆ ಎಲೆ ಉದುರಿ, ಕೊಂಬೆಗಳೆಲ್ಲ ಒಣಗಿದವು. ಈ ಜಾತಿಯ ಗಿಡ ಚಳಿಗಾಲವನ್ನು ಹೊರಗೇ ಮಲಗಿ ಕಳೆಯಬೇಕು, ಬೆಚ್ಚಗಿಟ್ಟರೆ ಸೋತು ಸಾಯುತ್ತದೆ ಎಂದು ನರ್ಸರಿಯವನು ಅಕ್ಕಾವ್ರಿಗೆ ಹೇಳಿದ.

ಆ ಶನಿವಾರ ಪಾಠ ಇರುವುದಿಲ್ಲ ಎಂದುಕೊಂಡೇ ಹೋದೆ. ಇತ್ತು. ನಮ್ಮೆಲ್ಲರೆದುರು ಆ ಒಣಮೇಪಲ್ಲಿನ ಒಂದು ಕೊಂಬೆ ಕತ್ತರಿಸಿ ಬಟ್ಟಲಲ್ಲಿ ನಿಲ್ಲಿಸಿದರು. ಬುಡಕ್ಕೆ ಒಂದೇ ಒಂದು ಹಳದಿ ಡ್ಯಾಫೋಡಿಲ್ ಹೂ ಇಟ್ಟರು.

"ಇಷ್ಟ ದಿನಾ ಇದು ಅವರ ವಿದ್ಯಾ ಇತ್ತು. ಇನ್ನ ನನ್ನ ವಿದ್ಯಾಕ್ಕ ಬಂತು."

ಕೆಲವು ವರ್ಷಗಳ ಮೇಲೆ, ಒಂದು ನವೆಂಬರಿನಲ್ಲಿ, ಅಕ್ಕಾವ್ರೂ ಹೋದರು. ಮನೆ ಖಾಲಿ ಮಾಡಲು ಬಂದ ಅವರ ಮಗ, ತಾಯಿ ಕೊನೆಯದಾಗಿ ಜೋಡಿಸಿಟ್ಟಿದ್ದ ಸೇವಂತಿಗೆಯನ್ನು ತೋರಿಸಿ, "ಆಂಟಿ, ಶಲ್ ಐ ಬಿನ್ ಇಟ್?" ಎಂದು ಕಸದ ಬುಟ್ಟಿಯತ್ತ ಕೈ ಮಾಡಿದ. ಬೇಡಪ್ಪ, ಇರಲಿ ಎಂದೆ. ದಿನಾ ಹೋಗಿ ನೀರು ಬದಲಿಸಿದೆ. ಕೊನೆಯ ಎಸಳು ಬಿದ್ದ ಮೇಲೆ ಬಟ್ಟಲು ತೊಳೆದು, ಒರೆಸಿ, ಮನೆಯ ಕೀಲಿ ಅವನ ಕೈಗೆ ಕೊಟ್ಟು ಬಂದೆ. ಅಷ್ಟು ಮಾಡುವುದನ್ನು ನನಗೆ ಕಲಿಸಿದವರು ಅಕ್ಕಾವ್ರೇ.