ಮೂರ್ತಿಗೆ ಹೇಳಿದ ಬಣ್ಣಗಳು

ಮೊನ್ನೆ ಪಕ್ಕದ ಮನೆಯವರು ಹಿತ್ತಲಲ್ಲಿ ಬೆಂಕಿ ಹಾಕಿದ್ದರು. ನಾನೀಗಿರುವ ಪ್ಲಿಮತ್‌ನಲ್ಲಿ ಅಕ್ಟೋಬರ್ ಬಂತೆಂದರೆ ಯಾರಾದರೊಬ್ಬರು ಹಾಕುತ್ತಾರೆ. ಕಟ್ಟಿಗೆ ಒದ್ದೆಯಾಗಿತ್ತೋ ಏನೋ, ಮಣ್ಣು ಸುಟ್ಟ ಹಾಗೆ ಒಂದು ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಕಾಫಿ ಆರುವವರೆಗೆ ಅಲ್ಲೇ ನಿಂತಿದ್ದೆ. ಜವುಗು ನೆಲದಿಂದ ಇಟ್ಟಿಗೆಯ ಹಾಗೆ ಮಣ್ಣು ಕಡಿದು ತಂದು, ಒಣಗಿಸಿ, ಅದನ್ನೇ ಒಲೆಗೆ ಹಾಕುವ ಊರೊಂದಿದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹಡಗಿನಲ್ಲಿ ಐದು ಗಂಟೆ ಹೊಟ್ಟೆ ತೊಳೆಸಿಕೊಂಡು ಹೋದರೆ ಸಿಗುವ ದ್ವೀಪ. ಅಲ್ಲಿ ನಾನು ಎಂಟು ದಿನ ಇದ್ದೆ. ಕರೆದುಕೊಂಡು ಹೋದವನು ಮೂರ್ತಿ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾನೂ ಮೂರ್ತಿಯೂ ಷಿಕಾಗೋ ಪಕ್ಕದ ಸ್ಕೋಕಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಇಬ್ಬರೂ ಮೈಸೂರಿನವರು, ಇಬ್ಬರಿಗೂ ಮದುವೆಯಾಗಿರಲಿಲ್ಲ. ನಾನು ಎಂಜಿನಿಯರ್, ಅವನು ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡುವ ಡಾಕ್ಟರ್. ಹಗಲೆಲ್ಲ ಜನರ ಮೂಳೆ ನೋಡಿ ಬಂದವನು ಸಂಜೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫೋಟೋ ತೊಳೆಯುತ್ತಿದ್ದ. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಕಾಯುತ್ತಿದ್ದೆ. ಆದರೂ ಹೇಳಬೇಕು, ಅವನ ಕಪ್ಪು ಬಿಳುಪಿನ ಚಿತ್ರಗಳು ಸೊಗಸಾಗಿದ್ದವು. ಕ್ಯಾಲೆಂಡರ್ ಅಚ್ಚು ಹಾಕಿಸುವವನೊಬ್ಬ ಅವನ್ನು ನೋಡಿ, ಸ್ಕಾಟ್ಲೆಂಡ್ ಮೂಲದವರಿಗೆಂದು ಒಂದು ಕ್ಯಾಲೆಂಡರ್ ಮಾಡುತ್ತಿದ್ದೇನೆ, ಅಲ್ಲಿನ ದ್ವೀಪಗಳ ಚಿತ್ರ ತಂದರೆ ನೋಡೋಣ, ಆದರೆ ಬಣ್ಣದ್ದೇ ಆಗಬೇಕು ಎಂದನಂತೆ. ಮೂರ್ತಿ ಎರಡು ವರ್ಷದಿಂದ ಕೂಡಿಟ್ಟ ರಜೆಯನ್ನೆಲ್ಲ ಬರೆದುಕೊಟ್ಟು ಬಂದ.

"ನೀನೂ ಬಾರೋ," ಎಂದ. ಬೇಸ್‌ಮೆಂಟಿನಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದೆವು.

"ನಾನ್ಯಾಕೆ? ಟ್ರೈಪಾಡ್ ಹೊರೋಕಾ?"

ಅವನು ಒಂದು ಹಸಿರು ಕಾಲುಚೀಲಕ್ಕೆ ಒಂದು ಕಂದು ಕಾಲುಚೀಲ ಸೇರಿಸಿ ಮಡಚಿದ. ಈ ಜೋಡಿಯನ್ನು ನಾನು ಎಷ್ಟೋ ಸಲ ಅವನ ಕಾಲಲ್ಲಿ ನೋಡಿದ್ದೆ. ಉಡುಗೆಯ ವಿಷಯದಲ್ಲಿ ಅವನಿಗೆ ಅಭಿರುಚಿಯಿಲ್ಲ ಎಂದು ತೀರ್ಮಾನಿಸಿ, ಆಗಾಗ ನಗಾಡಿಯೂ ಇದ್ದೆ. ಅವತ್ತೂ ನಕ್ಕೆ.

"ಇವು ಬೇರೆ ಬೇರೆ ಬಣ್ಣನಾ?" ಎಂದು ಕೇಳಿದ. ಆಮೇಲೆ ತಲೆಯೆತ್ತದೆ ಹೇಳಿದ: "ನಂಗೆ ಕೆಂಪು, ಹಸಿರು ಗೊತ್ತಾಗಲ್ಲ ಕಣೋ. ಈ ವಿಷಯ ಅಮ್ಮನಿಗೂ ಗೊತ್ತಿಲ್ಲ. ನಿಂಗೊಬ್ಬನಿಗೇ ಹೇಳ್ತಿರೋದು."

ಹೀಗೆ ನಾನು ಅವನ ಕಣ್ಣಾಗಿ ಹೊರಟೆ.

ಒಳ್ಳೆಯ ಜಾಗ ಹುಡುಕುವುದೆಂದರೆ ಕಾರಿನಿಂದ ಇಳಿದು ಕ್ಲಿಕ್ಕಿಸಿ ಬರುವುದು ಎಂದುಕೊಂಡಿದ್ದೆ. ದ್ವೀಪದಲ್ಲಿ ಕಾರು ಹೋಗುವ ರಸ್ತೆ ಇದ್ದದ್ದೇ ಒಂದು, ಅದರಲ್ಲೂ ಕುರಿಗಳು ಮಲಗಿರುತ್ತಿದ್ದವು. ಮೂರ್ತಿ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ದಿಕ್ಸೂಚಿ ಹಿಡಿದು, ಸೂರ್ಯ ಯಾವ ಗುಡ್ಡದ ಹಿಂದೆ ಇಳಿಯುತ್ತಾನೆಂದು ಲೆಕ್ಕ ಹಾಕುತ್ತಿದ್ದ. ನಾವು ಮೊಣಕಾಲುದ್ದ ಕೆಸರಿನಲ್ಲಿ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಸೂರ್ಯ ಇರುತ್ತಿರಲಿಲ್ಲ, ಗುಡ್ಡವೂ ಇರುತ್ತಿರಲಿಲ್ಲ. ಮಂಜು.

"ಆ ಹುಲ್ಲು ಯಾವ ಬಣ್ಣ?"

"ಕೆಂಪು."

"ಯಾವ ಕೆಂಪೋ? ಸರಿಯಾಗಿ ಹೇಳು."

ಕೆಂಪಿನಲ್ಲಿ ಇಷ್ಟು ಬಗೆಯಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಐದನೆಯ ದಿನ, ಶನಿವಾರ ಸಂಜೆ, ಸಮುದ್ರದ ಮೇಲಿನ ಒಂದು ಕಡಿದಾದ ಬಂಡೆಯ ತುದಿಯಲ್ಲಿ ಎರಡು ಗಂಟೆ ಮಳೆಯಲ್ಲಿ ನಿಂತಿದ್ದೆವು. ಮೂರ್ತಿ ಕೊಡೆಯನ್ನು ತನಗೆ ಹಿಡಿಯದೆ ಕ್ಯಾಮೆರಾಕ್ಕೆ ಹಿಡಿದಿದ್ದ. ಮಳೆ ನಿಂತಿತು, ಸೂರ್ಯ ಮುಳುಗಿ ಮಬ್ಬಾಯಿತು. ನನ್ನ ಶೂ ಒಳಗೆ ಬೆರಳುಗಳಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆಗ ಮೋಡದ ತಳಕ್ಕೆಲ್ಲ ನಿಧಾನವಾಗಿ ಬಣ್ಣ ಏರತೊಡಗಿತು. ಗಾಢವಾದ, ಹೆಪ್ಪುಗಟ್ಟಿದಂಥ ಕೆಂಪು. ಅದು ಕೆಳಗಿನ ನೀರಿಗೂ ಇಳಿಯಿತು.

"ಕೆಂಪು ಬಂತೇನೋ?" ಎಂದ ಮೂರ್ತಿ. ಅವನು ಅದನ್ನೇ ನೋಡುತ್ತಿದ್ದ.

ಬಂತು ಎಂದರೆ ಇನ್ನೊಂದು ಗಂಟೆ ನಿಲ್ಲಬೇಕು. "ಇಲ್ಲ," ಎಂದೆ. "ಎಲ್ಲಾ ಬೂದಿ ಬಣ್ಣ. ನಡಿ ಹೋಗೋಣ."

ಅವನು ಕೊಡೆ ಮಡಚಿ ಕ್ಯಾಮೆರಾ ಕಟ್ಟಿದ.

ನಮಗೆ ಕೋಣೆ ಕೊಟ್ಟಿದ್ದ ಮುದುಕಿ ಮನೆ ಬಾಗಿಲಲ್ಲೇ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ಮಾತು ಕಡಿಮೆ. ಅವರು ಕೈಯೆತ್ತಿ ಆಕಾಶ ತೋರಿಸಿ, "ಡಾಕ್ಟರೇ, ಸಿಕ್ಕಿತಲ್ಲ? ಇಂಥ ಕೆಂಪು ನಾನು ನೋಡಿ ಎಷ್ಟು ವರ್ಷವಾಯಿತೋ!" ಎಂದರು.

ಮೂರ್ತಿ ಆಕಾಶ ನೋಡಿದ. ಆಮೇಲೆ ನನ್ನನ್ನು ನೋಡಿದ. "ಸಿಗಲಿಲ್ಲ," ಎಂದು ಆಕೆಗೆ ಹೇಳಿ ಒಳಗೆ ಹೋದ. ನಾನು ಹಿಂದೆಯೇ ಹೋಗಿ, ಚಳಿ, ಕಾಲು, ಅದು ಇದು ಎಂದು ಏನೇನೋ ಒದರಿದೆ.

"ಚಳಿ ಆಗ್ತಿದೆ ಅಂದಿದ್ರೆ ವಾಪಸ್ ಬರ್ತಿದ್ದೆ ಕಣೋ," ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಭಾನುವಾರ. ಆ ದ್ವೀಪದಲ್ಲಿ ಭಾನುವಾರ ಯಾರೂ ಕೆಲಸ ಮಾಡುವುದಿಲ್ಲ, ಒಗೆದ ಬಟ್ಟೆ ಕೂಡ ಹೊರಗೆ ಹರವುವುದಿಲ್ಲ. ಕ್ಯಾಮೆರಾ ಮುಟ್ಟಕೂಡದು ಎಂದು ಮುದುಕಿ ಮೊದಲೇ ಹೇಳಿದ್ದರು. ನಡೆಯುವುದಕ್ಕೆ ಅಡ್ಡಿಯಿರಲಿಲ್ಲ. ಬೆಳಗಾಗುತ್ತಲೇ ಮೂರ್ತಿಯ ನಕ್ಷೆ, ಒಂದು ನೋಟ್‌ಬುಕ್ ಹಿಡಿದು ಒಬ್ಬನೇ ಹೊರಟೆ. ಅವನು ಗುರುತು ಹಾಕಿದ ಜಾಗಗಳಿಗೆಲ್ಲ ಹೋದೆ. ಎಷ್ಟು ಗಂಟೆಗೆ ಎಲ್ಲಿ ಯಾವ ಬಣ್ಣ ಎಂದು ನಿಂತು ನಿಂತು ಬರೆದೆ. ಬಣ್ಣದ ಹೆಸರು ತೋಚದಿದ್ದಾಗ ಮನಸ್ಸಿನಲ್ಲೇ ನಮ್ಮ ಅಡುಗೆಮನೆಗೆ ಹೋದೆ. "ಮೂರು ಗಂಟೆ, ಇಳಿಜಾರು: ಹುರಿದ ರವೆ. ನಾಲ್ಕು ಗಂಟೆ: ಸಾರಿನ ಪುಡಿ."

ಕತ್ತಲಾಗುವಾಗ ಬಂದು ನೋಟ್‌ಬುಕ್ ಅವನ ಮುಂದಿಟ್ಟೆ. ಅವನು ಒಲೆಯ ಪಕ್ಕ ಕೂತು ಮೊದಲಿನಿಂದ ಕೊನೆಯವರೆಗೆ ಓದಿದ. ಒಂದು ಕಡೆ ಅವನಿಗೆ ನಗು ತಡೆಯಲಾಗಲಿಲ್ಲ.

"ಸಾರಿನ ಪುಡಿ ಯಾವ ಬಣ್ಣ ಅಂತ ನಂಗೇನು ಗೊತ್ತೋ? ವಾಸನೆ ಗೊತ್ತು." ಆಮೇಲೆ ನೋಟ್‌ಬುಕ್ ಮುಚ್ಚಿಟ್ಟು, "ಎಷ್ಟು ಮೈಲಿ ನಡೆದೆ?" ಎಂದ.

"ಹನ್ನೊಂದಿರಬಹುದು."

"ಆ ಶೂ ತೆಗಿ ಮೊದಲು. ಒಲೆ ಹತ್ತಿರ ಇಡು."

ಉಳಿದ ಎರಡು ದಿನ ನನ್ನ ನೋಟ್‌ಬುಕ್ ಹಿಡಿದು ಅಲೆದೆವು. ಸಾರಿನ ಪುಡಿಯ ಇಳಿಜಾರೂ ಸಿಕ್ಕಿತು, ಕೆಂಪು ಆಕಾಶವೂ ಒಂದಿಷ್ಟು ಸಿಕ್ಕಿತು.

ಕ್ಯಾಲೆಂಡರಿನವನು ಅವುಗಳಲ್ಲಿ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಅವನು ಆರಿಸಿದ್ದು ಒಂದೇ ಒಂದು ಸ್ಲೈಡ್. ಹೊರಡುವ ದಿನ ನಾನು ಹಡಗುಕಟ್ಟೆಯಲ್ಲಿ ಸಾಮಾನು ಕಾಯುತ್ತಿದ್ದಾಗ ಮೂರ್ತಿ ಯಾರನ್ನೂ ಕೇಳದೆ ತೆಗೆದದ್ದು. ಬೂದಿ ಸಮುದ್ರ, ಬೂದಿ ಕಲ್ಲಿನ ಗೋಡೆ, ಬೂದಿ ಮಂಜು. ಒಂದೊಂದೂ ಬೇರೆ ಬೂದಿ. ಅಚ್ಚಾಗಿ ಬಂದಾಗ ಕೆಳಗೆ ನಮ್ಮಿಬ್ಬರ ಹೆಸರಿತ್ತು.

"ಇದರಲ್ಲಿ ನಂದೇನಿದೆ?" ಎಂದೆ.

"ಎಲ್ಲಾ ಬೂದಿ ಅಂದ್ಯಲ್ಲ ಅವತ್ತು. ಹಾಗಾದ್ರೆ ಬೂದೀಲಿ ಏನಿದೆ ನೋಡೋಣ ಅನ್ನಿಸ್ತು."

ಅದು ನನ್ನ ಮೇಲಿನ ಏಟೋ, ಪ್ರೀತಿಯೋ, ಇವತ್ತಿಗೂ ಬಗೆಹರಿದಿಲ್ಲ. ಎರಡೂ ಇರಬೇಕು.

ಮೂರ್ತಿ ಈಗಲೂ ಸ್ಕೋಕಿಯಲ್ಲೇ ಇದ್ದಾನೆ. ಮೊನ್ನೆ ಆ ಆರಿದ ಕಾಫಿ ಚೆಲ್ಲಿ ಅವನಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಆಯಿತು, ಇಬ್ಬರ ಮಂಡಿನೋವೂ ಆಯಿತು. "ನಿಮ್ಮ ಕಡೆ ಮೇಪಲ್ ಮರ ಬಣ್ಣಕ್ಕೆ ತಿರುಗಿದ್ಯಾ?" ಎಂದು ಕೇಳಿದ. ತಿರುಗಿದೆ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಕುರ್ಚಿ ಎಳೆದುಕೊಂಡು ಕಿಟಕಿಯ ಮುಂದೆ ಕೂತು, ಮೇಲಿನ ಕೊಂಬೆಯಿಂದ ಒಂದೊಂದೇ ಬಣ್ಣ ಹೇಳಲು ಶುರುಮಾಡಿದೆ. ಅವನ ಹೆಂಡತಿ ಊಟಕ್ಕೆ ಕರೆದದ್ದು ನನಗೂ ಕೇಳಿಸಿತು.

"ನೀನು ಬಡಿಸ್ಕೊಂಡು ಊಟ ಮಾಡು," ಎಂದು ಮೂರ್ತಿ ಅವರಿಗೆ ಹೇಳಿದ. "ಇವನಿನ್ನೂ ಅರ್ಧ ಮರಕ್ಕೂ ಬಂದಿಲ್ಲ."